ಪರದೆಯ ಮೇಲೆ ಲುವಿಜಾ

ಜಮಖಂಡಿ
೨೧ ಜೂನ್ ೨೦೧೫

ಪ್ರೀತಿಯ ಲುವಿಜಾ,

ನಿನ್ನ ಬಸ್ಸು ಮುಧೋಳ ರಸ್ತೆಗೆ ಹೊರಳಿದ ಮೇಲೂ ನಾನು ನಿಲ್ದಾಣದಲ್ಲಿ ನಿಂತೇ ಇದ್ದೆ. ಕೋಣೆಗೆ ಬರಲು ಮನಸ್ಸಾಗಲಿಲ್ಲ. ಬಂದಾಗ ಮನೆಯೊಡತಿ ಗುರುಬಸವ್ವ ಬಾಗಿಲಲ್ಲೇ ನಿಂತಿದ್ದರು. “ಹ್ವಾದಳೇನು ನಿನ್ನ ಗೆಳತಿ? ಇದ್ದಾಗ, ಯಾವ ದೇಶದಾಕಿ ಅಂತ ಓಣಿ ಮಂದಿ ಕೇಳೋದು ಸಾಕಾಗಿತ್ತು. ಈಗ ನೋಡಿದ್ರ ಮನಿ ಬಣಬಣ ಅನ್ನಾಕತ್ತೈತಿ” ಅಂದರು. ಮೊದಲ ದಿನ ಅವರೇ ನಿನಗೆ ಕನ್ನಡ ಬರುವುದಿಲ್ಲವೆಂದುಕೊಂಡು ಕೈಸನ್ನೆಯಲ್ಲಿ ನಲ್ಲಿ ತೋರಿಸಿದ್ದರು. ನೀನು ಹಳಿಯಾಳದ ಕಡೆಯವಳು, ಸಿದ್ದಿ ಜನ, ನಿಮ್ಮ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರಾಯಿತು ಎಂದು ತಿಳಿಸಿ ಹೇಳಿದಾಗ ನಾಚಿಕೊಂಡು ಬಿಸಿ ರೊಟ್ಟಿ ತಂದುಕೊಟ್ಟಿದ್ದರು. ಆಮೇಲೆ ಓಣಿಯವರಿಗೆಲ್ಲ ನಿನ್ನ ಪರವಾಗಿ ಉತ್ತರ ಕೊಟ್ಟವರೂ ಅವರೇ.

ನಾಳೆಯಿಂದ ಆಫೀಸಿನ ಹಾಜರಿ ಯಂತ್ರದ ಮುಂದೆ ಸಾಲು ಬೇಗ ಕರಗುತ್ತದೆ. ನಮ್ಮ ಹದಿನೆಂಟು ಜನರಲ್ಲಿ ಹದಿನೇಳು ಮುಖ ಅದಕ್ಕೆ ಕೂಡಲೇ ಗೊತ್ತಾಗುತ್ತಿತ್ತು. ನಿನ್ನ ಮುಖ ಬಂದಾಗ ಮಾತ್ರ ಕೆಂಪು ದೀಪ. ಬನಹಟ್ಟಿಯ ಮಾಲಾ ತನ್ನ ಮೊಬೈಲಿನ ಬೆಳಕು ಹಿಡಿದರೂ, ನೀನು ಗದ್ದ ಎತ್ತಿದರೂ ಇಳಿಸಿದರೂ ಅದು ‘ಮುಖ ಕಾಣುತ್ತಿಲ್ಲ’ ಎನ್ನುತ್ತಿತ್ತು. ನೀನು ನಗುತ್ತಿದ್ದೆ, ಬಾಯಿಗೆ ಕೈ ಅಡ್ಡ ಹಿಡಿದು. ನಾವೂ ನಕ್ಕೆವು. ಈಗ ಅನಿಸುತ್ತದೆ, ನಾವು ನಗಬಾರದಿತ್ತು.

ಆದರೆ ಅದೇ ಯಂತ್ರದಿಂದ ನಿನಗೆ ಒಳ್ಳೆಯದಾಯಿತಲ್ಲ. ರಿಪೇರಿಗೆ ಬಂದ ಬೆಂಗಳೂರಿನ ಎಂಜಿನಿಯರು ನಿನ್ನನ್ನು ನೋಡಿ, ಹೊರಗೆ ಹೋಗಿ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರು. ಮೂರು ವಾರಕ್ಕೆ ಅಲ್ಲಿಯ ನಮ್ಮ ದೊಡ್ಡ ಆಫೀಸಿನಿಂದ ನಿನಗೆ ಕರೆ. ನಮ್ಮ ಕೇಂದ್ರದಿಂದ ಬಡ್ತಿ ಪಡೆದ ಮೊದಲ ಹುಡುಗಿ ಎಂದು ಕೇಂದ್ರದ ಮುಖ್ಯಸ್ಥರಾದ ಚಿದಾನಂದ ಸರ್ ಪೇಢೆ ಹಂಚಿದರು.

ಫೋನ್ ಮಾಡಬೇಡ. ನಮ್ಮ ಮನೆಯಲ್ಲಿರುವುದು ಒಂದೇ ಫೋನು, ಅದು ಅಣ್ಣ ಶಿವಪುತ್ರನ ಜೇಬಿನಲ್ಲಿರುತ್ತದೆ. ಈ ಕೋಣೆಯನ್ನೂ ಬಿಡುತ್ತಿದ್ದೇನೆ, ಒಬ್ಬಳೇ ಇರುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ. ನಮ್ಮೂರು ತುಬಚಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಪತ್ರವನ್ನು ಗುರುಬಸವ್ವನ ವಿಳಾಸಕ್ಕೆ ಬರೆ. ಮನೆಗೆ ಬಂದರೆ ಅಣ್ಣ ಒಡೆದು ಓದುತ್ತಾನೆ.

ನಿನ್ನ
ಶೈಲಾ


ಬೆಂಗಳೂರು
೧೨ ಜುಲೈ ೨೦೧೫

ಪ್ರೀತಿಯ ಶೈಲಾ,

ನಿನ್ನ ಪತ್ರವನ್ನು ಹಾಸ್ಟೆಲಿನ ವಾರ್ಡನ್ ಎರಡು ದಿನ ತಮ್ಮಲ್ಲೇ ಇಟ್ಟುಕೊಂಡಿದ್ದರು. ಹೆಸರು ನನ್ನದು, ವಿಳಾಸ ಕನ್ನಡದಲ್ಲಿ. ಇದು ನನ್ನದಿರಲಿಕ್ಕಿಲ್ಲ ಎಂದುಕೊಂಡರಂತೆ.

ಆಫೀಸು ಏಳು ಮಹಡಿ, ಎಲ್ಲ ಗಾಜು. ನನ್ನ ಕೆಲಸ ನಾಲ್ಕನೆಯ ಮಹಡಿಯಲ್ಲಿ. ಕ್ವಾಲಿಟಿ ವಿಭಾಗ ಅಂತ. ಇಡೀ ಮಹಡಿಯಲ್ಲಿ ನನ್ನ ಕೋಣೆಯೇ ಹೆಚ್ಚು ತಣ್ಣಗಿದೆ, ಯಂತ್ರಗಳಿಗಾಗಿ ಎ.ಸಿ. ಬೆಳಕು ಸ್ವಲ್ಪ ಜಾಸ್ತಿ, ಸಂಜೆಗೆ ಕಣ್ಣು ಉರಿಯುತ್ತವೆ. ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಾರೆ. ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಕ್ಯಾಂಟೀನಿನಲ್ಲಿ ಚಿತ್ರಾನ್ನ ಕೊಡಿ ಎಂದೆ. ಬಡಿಸುವವರು ಚಮಚ ಕೆಳಗಿಟ್ಟು, ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಿರಿ ಎಂದು ಕೇಳಿದರು. ಅವ್ವನ ಹತ್ತಿರ, ಸಾಲೆಯಲ್ಲಿ, ಅಂದೆ.

ಊರಿಗೂ ಬರೆದಿದ್ದೇನೆ. ನಮ್ಮ ವಾಡೆಯಿಂದ, ಆ ಸಣ್ಣ ಸಿದ್ದಿ ಕೇರಿಯಿಂದ, ಕಂಪ್ಯೂಟರಿನ ಮುಂದೆ ಕೂತವಳು ನಾನೊಬ್ಬಳೇ. ಚಿಕ್ಕಮ್ಮ ಎಲ್ಲರ ಮನೆಗೂ ಹೋಗಿ ಪತ್ರ ಓದಿ ತೋರಿಸಿದ್ದಾಳಂತೆ.

ನೀನು ಊಟದ ಡಬ್ಬಿಯನ್ನು ಯಾರ ಜೊತೆ ಹಂಚಿಕೊಳ್ಳುತ್ತೀ?

ಲುವಿಜಾ


ಜಮಖಂಡಿ
೬ ಸೆಪ್ಟೆಂಬರ್ ೨೦೧೫

ಪ್ರೀತಿಯ ಲುವಿಜಾ,

ತಡವಾಯಿತು. ಅಪ್ಪ ಕುರಿಗಳನ್ನು ಹೊಡೆದುಕೊಂಡು ಬೀಳಗಿ ಕಡೆ ಹೋಗಿದ್ದವನು ಕಾಲು ಉಳುಕಿಸಿಕೊಂಡು ಬಂದ. ಅವ್ವ ಬೀರೇಶ್ವರನಿಗೆ ಭಂಡಾರ ಏರಿಸುವುದಾಗಿ ಹರಕೆ ಹೊತ್ತಳು, ನಾನು ದವಾಖಾನೆಗೆ ಕರೆದುಕೊಂಡು ಹೋದೆ. ಈಗ ನಡೆಯುತ್ತಾನೆ. ಯಾವುದರಿಂದ ಗುಣವಾಯಿತೆಂಬ ಜಗಳ ಇನ್ನೂ ಮುಗಿದಿಲ್ಲ.

ಬಿಲ್ಲು ಟೈಪ್ ಮಾಡುವ ಹಳೆಯ ಕೆಲಸ ನಿಂತಿತು. ಈಗ ಬರೀ ಮುಖಗಳು. ಒಂದು ಫೋಟೋ ಬರುತ್ತದೆ. ಕಣ್ಣಿನ ಕೊನೆ, ಮೂಗಿನ ತುದಿ, ತುಟಿಯ ಅಂಚು ಎಲ್ಲಕ್ಕೂ ಮೌಸಿನಿಂದ ಚುಕ್ಕಿ ಇಡಬೇಕು. ಆಮೇಲೆ ಕೆಳಗಿನ ಖಾನೆಗಳಲ್ಲಿ ವಯಸ್ಸು, ಭಾವ, ಜನಾಂಗ ಆರಿಸಬೇಕು. ನಾವು ಸಾವಿರಗಟ್ಟಲೆ ಮುಖ ತೋರಿಸಿಕೊಟ್ಟರೆ ಯಂತ್ರ ತಾನೇ ಕಲಿಯುತ್ತದಂತೆ. ಪರದೇಶದ ಕಂಪನಿಯೊಂದರ ಕೆಲಸ. ಅವರ ಯಂತ್ರಕ್ಕೆ ಕಪ್ಪು ಬಣ್ಣದವರ ಮುಖ ತಿಳಿಯುತ್ತಿಲ್ಲವೆಂದು ಅಲ್ಲಿ ದೊಡ್ಡ ಗದ್ದಲವಾಗಿ, ಎಲ್ಲ ಬಣ್ಣದವರನ್ನೂ ಸೇರಿಸಿಕೊಳ್ಳಬೇಕೆಂದು ಈಗ ಇದನ್ನು ಮಾಡಿಸುತ್ತಿದ್ದಾರೆ. ಇದನ್ನು ಚಿದಾನಂದ ಸರ್ ಹೇಳಿದಾಗ ನನಗೆ ನೀನು ನೆನಪಾದೆ. ನಮ್ಮ ಬಾಗಿಲಿನ ಯಂತ್ರಕ್ಕೂ ಯಾರಾದರೂ ಕಲಿಸಿದ್ದರೆ ಎನಿಸಿತು.

ಡಬ್ಬಿ ಹಂಚಿಕೊಳ್ಳುವುದು ಮಾಲಾಳ ಜೊತೆ. ಅವಳ ಪಲ್ಯಕ್ಕೆ ಉಪ್ಪು ಜಾಸ್ತಿ.

ಶೈಲಾ


ಬೆಂಗಳೂರು
೧೮ ಅಕ್ಟೋಬರ್ ೨೦೧೫

ಶೈಲಾ,

ಸ್ವಲ್ಪವೇ ಬರೆಯುತ್ತೇನೆ, ಕೆಲಸ ಬಹಳ. ನನ್ನನ್ನು ಟೀಮ್ ಲೀಡರ್ ಮಾಡಿದ್ದಾರೆ. ಆರು ಜನ ನನ್ನ ಕೈಕೆಳಗೆ. ಅವರಲ್ಲಿ ಇಬ್ಬರು ಎಂಜಿನಿಯರಿಂಗ್ ಓದಿದವರು. ಚಿದಾನಂದ ಸರ್‌ಗೆ ಈಗಲೇ ಹೇಳಬೇಡ, ಆರ್ಡರ್ ಕೈಗೆ ಬರಲಿ.

ಇಲ್ಲಿ ಎಲ್ಲ ಚೆನ್ನಾಗಿದೆ.

ಲುವಿಜಾ


ತುಬಚಿ
೮ ನವೆಂಬರ್ ೨೦೧೫

ಲುವಿಜಾ,

ಇದನ್ನು ನಿನಗೆ ಕಳಿಸುವುದಿಲ್ಲ. ಬರೆದು ಒಲೆಗೆ ಹಾಕಬೇಕೆಂದು ಬರೆಯುತ್ತಿದ್ದೇನೆ.

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಹೊಸ ಫೈಲು ತೆರೆದೆ. ನೀನಿದ್ದೆ. ಹಿಂದೆ ಕಪ್ಪು ಬಟ್ಟೆ, ಬೋಳು ಬೆಳಕು. ನಿನ್ನ ತಲೆಗೆ ಯಾರದೋ ಉದ್ದ ಕೂದಲಿನ ಟೋಪನ್ ಹಾಕಿದ್ದರು. ಕೆಳಗೆ ಹೆಸರಿಲ್ಲ, ಒಂದು ನಂಬರು. ಮುಂದಿನ ಫೋಟೋದಲ್ಲಿ ತಲೆಗೆ ರುಮಾಲು ಸುತ್ತಿದ್ದರು, ಬೇರೆ ನಂಬರು. ಅದೂ ನೀನೇ. ಅದರ ಮುಂದಿನದೂ. ಸಂಜೆಯೊಳಗೆ ನಲವತ್ತೊಂದು ಸಲ ನಿನ್ನನ್ನು ನೋಡಿದೆ. ತಾರೀಖು ಮೂಲೆಯಲ್ಲಿತ್ತು. ಅಕ್ಟೋಬರ್ ಹದಿನಾರು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ನೀನು ಟೀಮ್ ಲೀಡರ್ ಆದೆನೆಂದು ಬರೆದ ಪತ್ರದ ಎರಡು ದಿನ ಮೊದಲು.

ನಿನ್ನ ಕೈಕೆಳಗೆ ಯಾರೂ ಇಲ್ಲ, ಅಲ್ಲವೇ? ಅವರು ನಿನ್ನನ್ನು ಕರೆದದ್ದು ಕೆಲಸಕ್ಕಲ್ಲ, ಮುಖಕ್ಕೆ.

ಪರದೆಯ ಮೇಲಿನವರು ಗುರುತಿನವರಾಗಿದ್ದರೆ ಚಿದಾನಂದ ಸರ್‌ಗೆ ಹೇಳಬೇಕೆಂದು ನಿಯಮವಿದೆ. ಹೇಳಿದರೆ ಆ ಫೈಲನ್ನು ಬೇರೆ ಊರಿನ ಕೇಂದ್ರಕ್ಕೆ ಕಳಿಸುತ್ತಾರೆ. ಮಾಲಾಳಿಗೆ ಬರುವುದು ಬೇರೆ ಫೈಲು, ಮತ್ತಾರಿಗೂ ನಿನ್ನ ಫೈಲು ಬಂದಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ನೀನು ನನಗೆ ಕಾಣುವುದಿಲ್ಲ.

ನಲವತ್ತೊಂದು ಸಲವೂ ನಿನ್ನ ಮೂಗಿನ ತುದಿಗೆ ನಾನೇ ಚುಕ್ಕಿ ಇಟ್ಟೆ.


ಜಮಖಂಡಿ
೮ ನವೆಂಬರ್ ೨೦೧೫

ಪ್ರೀತಿಯ ಲುವಿಜಾ,

ಟೀಮ್ ಲೀಡರ್ ಆದದ್ದು ಕೇಳಿ ಬಹಳ ಸಂತೋಷವಾಯಿತು. ನಿನ್ನ ಮಾತಿನಂತೆ ಯಾರಿಗೂ ಹೇಳಿಲ್ಲ.

ಸರಿಯಾಗಿ ಊಟ ಮಾಡುತ್ತೀಯಾ? ನಿದ್ದೆ ಬರುತ್ತದೆಯೇ? ಕಣ್ಣಿನ ಕೆಳಗೆ ಕಪ್ಪಾಗದಂತೆ ನೋಡಿಕೋ. ಏನಾದರೂ ಹೇಳುವುದಿದ್ದರೆ ನನಗೆ ಹೇಳು, ನಾನು ತಪ್ಪು ತಿಳಿಯುವವಳಲ್ಲ.

ದೀಪಾವಳಿಗೆ ಅವ್ವ ಕರ್ಚಿಕಾಯಿ ಮಾಡುತ್ತಾಳೆ. ಪಾರ್ಸಲ್ ಮಾಡುತ್ತೇನೆ.

ಶೈಲಾ


ಬೆಂಗಳೂರು
೩ ಜನವರಿ ೨೦೧೬

ಶೈಲಾ,

ಕರ್ಚಿಕಾಯಿ ಮುರಿದು ಪುಡಿಯಾಗಿ ಬಂದವು, ಚಮಚದಿಂದ ತಿಂದೆ. ಅವ್ವನಿಗೆ ನನ್ನ ನಮಸ್ಕಾರ ಹೇಳು.

ಪತ್ರದಲ್ಲೂ, ಪಾರ್ಸಲ್ಲಿನ ಚೀಟಿಯಲ್ಲೂ ಊಟ, ನಿದ್ದೆ, ಕಣ್ಣು ಎಂದು ಏಕೆ ಕೇಳುತ್ತೀ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನಿನಗೆ ನಂಬಿಕೆ ಬರುವುದಿಲ್ಲವೇ? ಸಿದ್ದಿ ಹುಡುಗಿಗೆ ದೊಡ್ಡ ಕೆಲಸ ಸಿಕ್ಕಿತೆಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ನೀನು ಆ ಸಾಲಿನಲ್ಲಿ ನಿಲ್ಲಬೇಡ.

ಕ್ರಿಸ್‌ಮಸ್‌ಗೆ ಊರಿಗೆ ಹೋಗಲಿಲ್ಲ. ಆಫೀಸಿನಲ್ಲಿ ಸಮಾರಂಭವಿತ್ತು. ಕೆಳಮಹಡಿಯ ಗೋಡೆಗೆ ದೊಡ್ಡ ಫಲಕ ಹಾಕಿದ್ದಾರೆ: ‘ಎಲ್ಲ ಬಣ್ಣದವರೂ ನಮ್ಮವರು’. ಅದರಲ್ಲಿ ನಾಲ್ಕು ಜನರ ಫೋಟೋ, ನಡುವೆ ನಾನು. ಹೊರದೇಶದಿಂದ ಬಂದ ಅತಿಥಿಯೊಬ್ಬರು ಫಲಕ ನೋಡಿ, ನನ್ನನ್ನು ನೋಡಿ, ಯಾವ ದೇಶ ಎಂದು ಕೇಳಿದರು. ನಾನು ಹೇಳಬೇಕೆನ್ನುವಷ್ಟರಲ್ಲಿ ನಮ್ಮ ಮ್ಯಾನೇಜರು ಅವರನ್ನು ಬೇರೆ ಕಡೆ ಕರೆದುಕೊಂಡು ಹೋದರು. ಕೇಕ್ ಚೆನ್ನಾಗಿತ್ತು.

ಲುವಿಜಾ


ತುಬಚಿ
೬ ಮಾರ್ಚ್ ೨೦೧೬

ಲುವಿಜಾ,

ಈ ಪತ್ರವನ್ನು ಕಳಿಸುತ್ತೇನೆ. ಮೊದಲೇ ಕಳಿಸಬೇಕಾಗಿದ್ದದ್ದು.

ನವೆಂಬರಿನಿಂದ ಹೋದ ತಿಂಗಳವರೆಗೆ ನಿನ್ನನ್ನು ದಿನವೂ ನೋಡುತ್ತಿದ್ದೆ. ನಿನ್ನ ಫೋಟೋಗಳು ಬರುತ್ತಿದ್ದುದು ನನ್ನ ಕಂಪ್ಯೂಟರಿಗೆ. ನೀನು ಬಡಕಲಾದದ್ದು, ಡಿಸೆಂಬರಿನಲ್ಲಿ ಜ್ವರದ ಕಣ್ಣಿಟ್ಟುಕೊಂಡು ಕೂತದ್ದು, ಎಡಗಿವಿಯ ಓಲೆ ಕಳೆದದ್ದು ಎಲ್ಲ ನನಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಊಟ ಆಯಿತೇ ಎಂದು ಕೇಳಿದೆ. ನಿನಗೆ ಅವಮಾನವಾಗಬಾರದೆಂದು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಜನಾಂಗದ ಖಾನೆಯಲ್ಲಿ ನಿನ್ನ ಮುಂದೆ ‘ಇಂಡಿಯನ್’ ಎಂದು ಹಾಕುತ್ತಿದ್ದೆ. ತಪಾಸಣೆಯವರು ಅದನ್ನು ಕೆಂಪು ಮಾಡಿ ವಾಪಸು ಕಳಿಸುತ್ತಿದ್ದರು. ಈ ಫೈಲಿನವರೆಲ್ಲ ‘ಆಫ್ರಿಕನ್’ ಎಂದು ಅವರ ಸೂಚನೆಯ ಹಾಳೆಯಲ್ಲಿದೆ. ನನ್ನ ಹೆಸರಿನ ಮುಂದೆ ತಪ್ಪುಗಳು ಗುಡ್ಡೆಯಾದವು. ಜನವರಿ ಕೊನೆಗೆ ಚಿದಾನಂದ ಸರ್ ಒಳಗೆ ಕರೆದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ.

“ಸರ್, ಆಕಿ ನಮ್ಮ ಲುವಿಜಾ ಅದಾಳ್ರಿ.”

ಅವರು ಬಾಗಿಲು ಹಾಕಿ ಬಂದು ಕೂತರು. “ಗೊತ್ತೈತಿ” ಅಂದರು. “ನನಗ ಮೊದಲಿಂದ ಗೊತ್ತೈತಿ. ಅವರಿಗೆ ಬೇಕಾಗಿದ್ದು ಬಣ್ಣ, ಊರಲ್ಲ. ಹಾಳಿ ಮ್ಯಾಲೆ ಏನೈತಿ ಅದನ್ನ ಹಚ್ಚು. ಈ ಕೆಲಸ ಹೋತಂದ್ರ ಹದಿನೇಳು ಮಂದಿ ಮನ್ಯಾಗ ಕುಂದರ್ತೀರಿ.”

ನಿನಗೆ ಪೇಢೆ ತಿನ್ನಿಸಿದ ಕೈ ಅದು. ನಾನು ಹೊರಗೆ ಬಂದು ಕೂತೆ. ಅವತ್ತಿನಿಂದ ‘ಆಫ್ರಿಕನ್’ ಎಂದು ಹಾಕತೊಡಗಿದೆ. ಮೂರು ವಾರ. ಸುಮಾರು ನಾನ್ನೂರು ಫೋಟೋ. ತಪ್ಪುಗಳು ನಿಂತವು, ಫೆಬ್ರವರಿಯಲ್ಲಿ ನಮ್ಮ ಕೇಂದ್ರದ ಅಂಕಗಳ ಫಲಕದ ಮೇಲೆ ನನ್ನ ಹೆಸರು ಮೊದಲಿತ್ತು. ಇದನ್ನು ಬರೆಯುವಾಗ ನಿನ್ನ ಮುಖ ನೆನಪಿಸಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ತಿಂಗಳ ಇಪ್ಪತ್ತೆರಡಕ್ಕೆ ‘ಭಾವ’ದ ಫೈಲು ಬಂತು. ಒಂದು ಫೋಟೋದಲ್ಲಿ ನೀನು ಹಲ್ಲು ಬಿಟ್ಟಿದ್ದೆ. ಬಾಯಿಗೆ ಅಡ್ಡ ಕೈ ಇರಲಿಲ್ಲ. ಕಣ್ಣಿನಲ್ಲಿ ನೀರು ನಿಂತಿತ್ತು. ನಾನು ‘ದುಃಖ’ ಎಂದು ಹಾಕಿದೆ. ವಾಪಸು ಬಂತು: ಹಲ್ಲು ಕಾಣುತ್ತಿವೆ, ಆದ್ದರಿಂದ ‘ಸಂತೋಷ’. ಲುವಿಜಾ, ನೀನು ನಗುವುದನ್ನು ನಾನು ಮೂರು ತಿಂಗಳು ಒಂದೇ ಕೋಣೆಯಲ್ಲಿ ನೋಡಿದವಳು.

ಪ್ರತಿ ಫೋಟೋದ ಕೆಳಗೆ ಅನುಮಾನವಿದ್ದರೆ ಬರೆಯಲು ಒಂದು ಜಾಗವಿದೆ. ಅಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಇದು ಸಂತೋಷವಲ್ಲ. ಇವಳ ಹೆಸರು ಲುವಿಜಾ. ಇವಳು ಕರ್ನಾಟಕದವಳು, ಕನ್ನಡ ಮಾತಾಡುತ್ತಾಳೆ. ಈ ಎಲ್ಲ ನಂಬರುಗಳೂ ಇವಳೊಬ್ಬಳೇ. ಅವತ್ತಿನ ಅರವತ್ಮೂರು ಫೋಟೋಗಳ ಕೆಳಗೂ ಅದನ್ನೇ ಬರೆದೆ. ನಮ್ಮ ತಪಾಸಣೆಯವರು ನೋಡುವ ಮೊದಲೇ ಅದು ಪರದೇಶದ ಕಂಪನಿಗೆ ತಲುಪಿತು.

ನಾಲ್ಕನೆಯ ದಿನ ನನ್ನನ್ನು ಕೆಲಸದಿಂದ ತೆಗೆದರು. ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಮುಖದ ಕೆಲಸವೂ ನಿಂತಿದೆ. ಬೇರೆ ಬೇರೆ ಹೆಂಗಸರು ಎಂದು ಹೇಳಿ ಒಬ್ಬಳನ್ನೇ ತೋರಿಸಿದ್ದು ಆ ಕಂಪನಿಯವರಿಗೆ ಗೊತ್ತಾಯಿತಂತೆ. ಮಾಲಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನನಗೆ ಬೇಸರವಿಲ್ಲ. ನಿನ್ನನ್ನು ಆ ಕೋಣೆಯಿಂದ ಹೊರಗೆ ತಂದೆನಲ್ಲ ಎಂಬುದಷ್ಟೇ ಸಮಾಧಾನ.

ಶೈಲಾ


ಬೆಂಗಳೂರು
೨೭ ಮಾರ್ಚ್ ೨೦೧೬

ಶೈಲಾ,

ಹೌದು, ನನ್ನನ್ನು ಹೊರಗೆ ತಂದೆ. ಇವತ್ತು ಹಾಸ್ಟೆಲ್ ಖಾಲಿ ಮಾಡುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಆ ಕೋಣೆಯಲ್ಲಿ ಗದ್ದ ಇಡಲು ಕಬ್ಬಿಣದ ಒಂದು ಕಂಬಿ ಇತ್ತು. ನಗು ಅಂದರೆ ನಗಬೇಕು, ಹೆದರು ಅಂದರೆ ಹೆದರಬೇಕು. ಹನ್ನೊಂದು ಟೋಪನ್, ಏಳು ರುಮಾಲು. ಯಾರಿಗೂ ಹೇಳಬಾರದೆಂದು ಸಹಿ ಮಾಡಿಸಿಕೊಂಡಿದ್ದರು. ಮೊದಲ ದಿನವೇ ನನಗೆ ಅರ್ಥವಾಗಿತ್ತು. ಅವತ್ತೇ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ ಏಕೆಂದರೆ, ಈ ಫೋಟೋ ಕೆಲಸ ಮಾರ್ಚಿಗೆ ಮುಗಿಯುತ್ತದೆ, ಏಪ್ರಿಲ್ ಒಂದರಿಂದ ಕಂಪ್ಯೂಟರಿನ ಮುಂದೆ ನಿಜವಾದ ಸೀಟು ಕೊಡುತ್ತೇವೆ ಎಂದು ಬರೆದುಕೊಟ್ಟಿದ್ದರು. ಸಂಜೆ ಐದರ ಮೇಲೆ ಅಲ್ಲಿಯ ಖಾಲಿ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದೆ. ಆ ಸೀಟಿನ ಪರೀಕ್ಷೆಯಲ್ಲಿ ಪಾಸಾಗಿದ್ದೆ, ಶೈಲಾ. ಮುಖ ನೋಡದೆ, ಬರೀ ಉತ್ತರ ನೋಡಿ ಪಾಸು ಮಾಡಿದ್ದರು.

ನನ್ನ ಚಿಕ್ಕಮ್ಮನನ್ನು ಹುಡುಗಿಯಾಗಿದ್ದಾಗ ಓಟಕ್ಕೆಂದು ಆರಿಸಿಕೊಂಡು ಹೋಗಿದ್ದರು. ಸಿದ್ದಿಗಳ ಕಾಲಿನಲ್ಲಿ ಆಫ್ರಿಕಾದ ರಕ್ತವಿದೆ, ಪದಕ ತರುತ್ತಾರೆ ಎಂದು. ಆಮೇಲೆ ಸಾಕೆಂದು ವಾಪಸು ಕಳಿಸಿದರು. ಅವಳು ಅವತ್ತು ತಂದ ಬೂಟುಗಳು ಇವತ್ತಿಗೂ ಪೆಟ್ಟಿಗೆಯಲ್ಲಿವೆ. ನನ್ನನ್ನು ಬುದ್ಧಿಗಾಗಿ ಆರಿಸಿದ್ದಾರೆ ಎಂದು ಅವಳಿಗೆ ಬರೆದಿದ್ದೆ. ಏಪ್ರಿಲ್ ಒಂದಕ್ಕೆ ಆ ಸುಳ್ಳು ಖರೆಯಾಗುತ್ತಿತ್ತು. ಐದು ದಿನ ಉಳಿದಿತ್ತು.

ನೀನು ‘ಆಫ್ರಿಕನ್’ ಎಂದು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ಬಸ್ಸಿನಲ್ಲಿ, ಅಂಗಡಿಯಲ್ಲಿ ದಿನವೂ ಕೇಳುತ್ತೇನೆ. ನೀನು ನನ್ನ ಹೆಸರನ್ನು ಕಂಡರಿಯದ ಪರದೇಶದವರಿಗೆ ಬರೆದೆ. ನನಗೆ ಬರೆಯಲಿಲ್ಲ. ಒಂದು ಮಾತು ಕೇಳಲಿಲ್ಲ. ಆ ಕೋಣೆಯವರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಉತ್ತರ ಬರೆಯಬೇಡ.

ಲುವಿಜಾ


ತುಬಚಿ
೧೦ ಏಪ್ರಿಲ್ ೨೦೧೬

ಲುವಿಜಾ,

ಬರೆಯಬೇಡ ಎಂದಿದ್ದೀ, ಆದರೂ ನಿನ್ನ ಊರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಏಪ್ರಿಲ್ ಒಂದರ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳಬಹುದು. ಗೊತ್ತಿರಲಿಲ್ಲ ಏಕೆಂದರೆ ಕೇಳಲಿಲ್ಲ. ತಪ್ಪಾಯಿತು.

ಎಂದಾದರೂ ಬರೆಯಬೇಕೆನಿಸಿದರೆ ಗುರುಬಸವ್ವನ ವಿಳಾಸಕ್ಕೇ ಬರೆ. ಕೆಲಸವಿಲ್ಲದ್ದರಿಂದ ದಿನವೂ ಜಮಖಂಡಿಗೆ ಬರುವುದಾಗುವುದಿಲ್ಲ. ತಿಂಗಳಿಗೊಮ್ಮೆ ಸಂತೆಗೆ ಬಂದಾಗ ಅವರ ಮನೆಗೆ ಹೋಗಿ ಕೇಳುತ್ತೇನೆ.

ಶೈಲಾ


ತುಬಚಿ
೩ ಜುಲೈ ೨೦೧೬

ಲುವಿಜಾ,

ಮೇ, ಜೂನ್ ಎರಡೂ ತಿಂಗಳು ಕೇಳಿದೆ. “ಏನೂ ಬಂದಿಲ್ಲವ್ವಾ” ಅಂದರು ಗುರುಬಸವ್ವ. ಎರಡನೆಯ ಸಲ ನಾನು ಕೇಳುವ ಮೊದಲೇ ಅಂದರು.

ಮುಖದ ಕೆಲಸ ಹೋದ ಮೇಲೆ ಕೇಂದ್ರಕ್ಕೆ ಮತ್ತೆ ಬಿಲ್ಲಿನ ಕೆಲಸ ಬಂದಿದೆಯಂತೆ. ಮಾಲಾ ಸಂತೆಯಲ್ಲಿ ಕಂಡಳು, ನಿಂತಳು, ನಿನ್ನನ್ನು ಕೇಳಿದಳು. ನನಗೇನೂ ಗೊತ್ತಿಲ್ಲ ಎಂದೆ. ನಾನು ಮನೆಯಲ್ಲೇ ಇದ್ದೇನೆ. ಬೆಳಿಗ್ಗೆ ಕುರಿಮರಿಗಳಿಗೆ ಸೊಪ್ಪು-ತಪ್ಪಲು ತರುತ್ತೇನೆ, ಸಂಜೆ ಹೊಳೆದಂಡೆಗೆ ಹೋಗಿ ಬರುತ್ತೇನೆ. ಇಡೀ ದಿನದಲ್ಲಿ ಹತ್ತು ಮಾತು ಆಡಿದರೆ ಹೆಚ್ಚು.

ಹುಷಾರಾಗಿದ್ದೇನೆ ಎಂದು ಒಂದು ಕಾರ್ಡು ಬರೆದರೂ ಸಾಕು.

ಶೈಲಾ


ಹಳಿಯಾಳ
೧೮ ಸೆಪ್ಟೆಂಬರ್ ೨೦೧೬

ಶೈಲಾ,

ನಿನ್ನ ಎರಡೂ ಪತ್ರಗಳು ಬಂದಿದ್ದವು. ಒಡೆದದ್ದು ಆಗಸ್ಟಿನಲ್ಲಿ.

ಊರಿಗೆ ಬಂದ ಮೊದಲ ವಾರ ಯಾರಿಗೂ ಏನೂ ಹೇಳಲಿಲ್ಲ, ರಜೆ ಎಂದೆ. ಆಮೇಲೆ ಚಿಕ್ಕಮ್ಮನಿಗೆ ಹೇಳಿದೆ. ತನ್ನನ್ನು ಓಟದಿಂದ ವಾಪಸು ಕಳಿಸಿದ ದಿನ ತಾನೂ ಊರಲ್ಲಿ ರಜೆ ಎಂದೇ ಹೇಳಿದ್ದೆನೆಂದು ಅವಳು ಅಂದಳು. ಅವತ್ತು ನಾವಿಬ್ಬರೂ ನಕ್ಕೆವು.

ಈಗ ಹಳಿಯಾಳದಲ್ಲಿ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯಲ್ಲಿ ಇದ್ದೇನೆ. ಪಹಣಿ, ಜಾತಿ ಪ್ರಮಾಣಪತ್ರ, ಹುಡುಗರ ಪರೀಕ್ಷೆಯ ಅರ್ಜಿ. ನಮ್ಮ ವಾಡೆಯವರು ಬೇರೆಯವರ ಅಂಗಡಿ ಬಿಟ್ಟು ನನ್ನಲ್ಲಿಗೆ ಬರುತ್ತಾರೆ. ದೊಡ್ಡ ಕೆಲಸವಲ್ಲ. ಆದರೆ ಕೆಲಸ.

ಸಿಟ್ಟು ಈಗ ಅಷ್ಟಿಲ್ಲ. ಉಳಿದಿರುವುದು ಬೇರೆ. ಆ ಕಪ್ಪು ಬಟ್ಟೆಯ ಕೋಣೆಯಲ್ಲಿ ಕ್ಯಾಮೆರಾದ ಆಚೆ ಯಾರೂ ಇಲ್ಲ ಎಂದೇ ಅಂದುಕೊಂಡಿದ್ದೆ. ದಿನಕ್ಕೆ ಎಂಟು ತಾಸು, ಯಾರೂ ಇಲ್ಲದ ಕಡೆ ಮುಖ ಮಾಡಿ ಕೂರುವುದು. ನೀನು ಆಚೆ ಇದ್ದೀಯೆಂದು ನವೆಂಬರಿನಲ್ಲಿ ಒಂದು ಸಾಲು ಬರೆದಿದ್ದರೆ, ಆ ಐದು ತಿಂಗಳು ನಾನು ಒಬ್ಬಳೇ ಇರುತ್ತಿರಲಿಲ್ಲ. ನಾನು ಒಂದು ಸಾಲು ಖರೆ ಬರೆದಿದ್ದರೆ ನೀನೂ ಒಬ್ಬಳೇ ಇರುತ್ತಿರಲಿಲ್ಲ. ಇಬ್ಬರೂ ಚೆನ್ನಾಗಿದ್ದೇನೆ ಎಂದು ಬರೆದೆವು.

ಅನುಭವದ ಪತ್ರ ತೆಗೆದುಕೊಳ್ಳಲು ಜಮಖಂಡಿ ಕೇಂದ್ರಕ್ಕೆ ಬರಬೇಕಾಗಿದೆ. ಇಪ್ಪತ್ತೊಂಬತ್ತನೆಯ ತಾರೀಖು, ಗುರುವಾರ ಬರುತ್ತೇನೆ. ಮಧ್ಯಾಹ್ನ ಎರಡರ ಹೊತ್ತಿಗೆ ಗುರುಬಸವ್ವನ ಮನೆಯಲ್ಲಿರುತ್ತೇನೆ. ನಿನಗ ಬರಬೇಕನಿಸಿದರ ಬಾ. ಬರದಿದ್ದರೆ, ನೀನು ನನ್ನನ್ನು ಸಾಕಷ್ಟು ನೋಡಿದ್ದೀ ಎಂದು ತಿಳಿದುಕೊಳ್ಳುತ್ತೇನೆ.

ಲುವಿಜಾ


ತುಬಚಿ
೩ ಅಕ್ಟೋಬರ್ ೨೦೧೬

ಲುವಿಜಾ,

ನಾನು ನಿನ್ನ ಪತ್ರ ಓದಿದ್ದು ನಿನ್ನೆ, ರವಿವಾರ.

ಹೋದ ತಿಂಗಳು ಸಂತೆಗೆ ಹೋಗಲಾಗಲಿಲ್ಲ. ಅಪ್ಪನಿಗೆ ಮತ್ತೆ ಕಾಲು ನೋವು, ಕುರಿಗಳ ಹಿಂದೆ ನಾನೇ ಹೋಗುತ್ತಿದ್ದೆ. ನಿನ್ನೆ ಗುರುಬಸವ್ವನ ಮನೆಗೆ ಹೋದಾಗ ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು.

“ಗುರುವಾರ ನಿನ್ನ ಗೆಳತಿ ಬಂದಿದ್ದಳವ್ವಾ” ಅಂದರು. “ನೀ ಬರ್ತಿ ಅಂತ ಬಾಗಲಾ ನೋಡಕೋಂತ ಎರಡ ತಾಸ ಕುಂತಿದ್ದಳು. ಆಮ್ಯಾಲೆ ಎದ್ದು ನೀರ ಕುಡ್ಯಾಕ ಹೋದಾಕಿ ಗ್ವಾಡಿ ಮಾಡದಾಗ ಇಟ್ಟಿದ್ದ ತನ್ನ ಕಾಗದಾನ ನೋಡಿದಳು. ಒಡದಿರಲಿಲ್ಲ.”

ನಾನು ಕೇಳಿದೆ, ಏನಾದರೂ ಅಂದಳೇ ಎಂದು.

“ಕಾಗದಾ ಕೈಯಾಗ ತಗೊಂಡು ಹಿಂದ ಮುಂದ ತಿರುವಿ ನೋಡಿದಳು. ತಿರಗಿ ಅಲ್ಲೇ ಇಟ್ಟಳು. ಇದನ್ನ ಆಕಿಗೆ ಕೊಡ್ರಿ ಅಂದು ಬಸ್ಸಿಗೆ ಹ್ವಾದಳು.”

ನೀನು ಅದನ್ನು ವಾಪಸು ಒಯ್ಯಬಹುದಿತ್ತು. ಒಯ್ಯಲಿಲ್ಲ. ಅಷ್ಟನ್ನೇ ಹಿಡಿದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಇವತ್ತು ಅಣ್ಣನಿಗೆ ಹೇಳಿದೆ, ನಾಳೆ ಹಳಿಯಾಳಕ್ಕೆ ಹೋಗಬೇಕು, ನನ್ನ ಗೆಳತಿ ಇದ್ದಾಳೆ ಎಂದು. ಯಾವ ಗೆಳತಿ, ಏನು ಕೆಲಸ ಎಂದು ಕೇಳುತ್ತಾ ಹೋದ. ನಿನ್ನ ಬಗ್ಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಾನು ಮಾಡಿದ್ದನ್ನೂ, ಮಾಡದೇ ಬಿಟ್ಟದ್ದನ್ನೂ. ಮನೆಯಲ್ಲಿ ನಾನು ಅಷ್ಟು ಮಾತಾಡಿದ್ದನ್ನು ಅವನು ನೋಡಿರಲಿಲ್ಲ. “ಒಬ್ಬಾಕೀನ ಹೋಗ್ತಿ?” ಅಂದ. ಹೂಂ ಅಂದೆ. ಬೆಳಿಗ್ಗೆ ಜಮಖಂಡಿಯ ತನಕ ಗಾಡಿಯ ಮೇಲೆ ಬಿಡುತ್ತಾನಂತೆ. ಅಲ್ಲಿಂದ ಧಾರವಾಡ, ಧಾರವಾಡದಿಂದ ಹಳಿಯಾಳ. ಅಂಗಡಿಯ ಹೆಸರು ನೀನು ಬರೆದಿಲ್ಲ. ಅರ್ಜಿ ತುಂಬುವ ಸಿದ್ದಿ ಹುಡುಗಿ ಎಂದು ಕೇಳುವುದಿಲ್ಲ, ಲುವಿಜಾ ಎಂದು ಕೇಳುತ್ತೇನೆ.

ಈ ಪತ್ರಕ್ಕೆ ಅಂಚೆಚೀಟಿ ಹಚ್ಚಿಲ್ಲ, ಕೈಯಲ್ಲೇ ತರುತ್ತಿದ್ದೇನೆ. ಮಾತಾಡಲು ನಿನಗೆ ಮನಸ್ಸಿಲ್ಲದಿದ್ದರೆ ಇದನ್ನು ನಿನ್ನ ಮೇಜಿನ ಮೇಲಿಟ್ಟು ಸಂಜೆಯ ಬಸ್ಸಿಗೆ ತಿರುಗಿ ಬರುತ್ತೇನೆ. ಸಾಕಷ್ಟು ನೋಡಿದ್ದೀ ಎಂದು ಬರೆದಿದ್ದೀಯಲ್ಲ, ಅದೊಂದನ್ನು ಒಪ್ಪಲಾರೆ. ನಿನ್ನನ್ನು ನೋಡದೆ ಒಂದು ವರ್ಷ ಮೂರು ತಿಂಗಳಾಯಿತು.

ಶೈಲಾ